ನೀಲಿ ಗೆರೆ ವಾಪಸ್ ಬಂತಾ? ಕ್ವಿಲ್ಟ್ ಬಟ್ಟೆಗೆ ಕಸೂತಿ ಡಿಸೈನ್ ಇಳಿಸುವಾಗ ಎಲ್ಲಿ ತಪ್ಪುತ್ತದೆ, ಹೇಗೆ ಹುಡುಕುವುದು

ಕಕ್ಕಡದ (ಕೊಡಗಿನ ಲೆಕ್ಕದಲ್ಲಿ ಜುಲೈ-ಆಗಸ್ಟ್ ನಡುವಿನ ತಿಂಗಳು) ಜಡಿಮಳೆಯಲ್ಲಿ ತಂಗಿಯ ಮಗುವಿಗೆಂದು ಒಂದು ಪುಟ್ಟ ಕ್ವಿಲ್ಟ್, ಅಂದರೆ ಬಟ್ಟೆ ತುಂಡುಗಳನ್ನು ಜೋಡಿಸಿ ಒಳಗೆ ಹತ್ತಿಯ ಪದರ ಇಟ್ಟು ಹೊಲಿದ ಹೊದಿಕೆ, ಹೊಲಿಯುತ್ತಿದ್ದೆ. ಒಂಬತ್ತು ಬಿಳಿ ಚೌಕ. ಒಂದರಲ್ಲಿ ಕಾಫಿ ಹೂವಿನ ಗೊಂಚಲು, ಇನ್ನೊಂದರಲ್ಲಿ ಮೆಣಸಿನ ಬಳ್ಳಿ, ಮತ್ತೊಂದರಲ್ಲಿ ಕಿತ್ತಳೆ, ಹೀಗೆ. ಡಿಸೈನ್ ಬರೆದದ್ದು ನೀರಿಗೆ ಹೋಗುವ ನೀಲಿ ಪೆನ್ನಿನಲ್ಲಿ. ಕಸೂತಿ ಮುಗಿದ ಮೇಲೆ ಒಂಬತ್ತನ್ನೂ ನೀರಿಗೆ ಅದ್ದಿ ತೆಗೆದೆ. ಗೆರೆ ಮಾಯವಾಯಿತು. ಬಿಸಿಲು ಕಂಡು ಎರಡು ವಾರ ಆಗಿತ್ತು. ಹಾಗಾಗಿ ಒದ್ದೆ ಚೌಕಗಳನ್ನು ಇಸ್ತ್ರಿ ಪೆಟ್ಟಿಗೆಯಲ್ಲೇ ಒಣಗಿಸೋಣ ಅಂತ ಕೂತೆ. ಮೂರು ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಉಳಿದ ಆರನ್ನು ಜಗಲಿಯ ಹಗ್ಗಕ್ಕೆ ಹಾಕಿ ಮಲಗಿದೆ.

ಬೆಳಗ್ಗೆ ನೋಡಿದರೆ ಜಗಲಿಯ ಆರು ಚೌಕಗಳಲ್ಲಿ ತೆಳು ನೀಲಿ ಗೆರೆ ವಾಪಸ್ ಬಂದಿತ್ತು. ಇಸ್ತ್ರಿ ಮಾಡಿದ ಮೂರರಲ್ಲಿ ಗೆರೆ ಚಹಾದ ಕಲೆಯ ಹಾಗೆ ಕಂದಾಗಿತ್ತು. ಆರನ್ನು ಮತ್ತೆ ಬಕೆಟ್‌ನಲ್ಲಿ ನೆನೆಸಿದೆ, ಪೂರ್ತಿ ಬಿಳಿಯಾದವು. ಮೂರು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಅಕ್ಕ, ಪೆನ್ನೇ ಡೂಪ್ಲಿಕೇಟ್ ಇರಬೇಕು" ಅಂದಳು ತಂಗಿ. ಆದರೆ ಒಂಬತ್ತಕ್ಕೂ ಪೆನ್ ಒಂದೇ, ಬಟ್ಟೆ ಒಂದೇ, ನೀರು ಒಂದೇ, ಕೈಯೂ ಒಂದೇ. ಬೇರೆಯಾಗಿದ್ದು ಇಸ್ತ್ರಿ ಮಾತ್ರ. ಕರೆಂಟ್ ಹೋಗದೇ ಇದ್ದಿದ್ದರೆ ಒಂಬತ್ತೂ ಕಂದಾಗುತ್ತಿದ್ದವು, ನಾನೂ ಪೆನ್ನನ್ನೇ ಬೈಯುತ್ತಿದ್ದೆ.

ಅದಾದ ಮೇಲೆ ಅಕ್ಕಪಕ್ಕದ ಮನೆಯವರು, ಪರಿಚಯದವರು ತಂದು ತೋರಿಸಿದ ಹಾಳಾದ ಬಟ್ಟೆಗಳನ್ನು ತುಂಬಾ ನೋಡಿದ್ದೇನೆ. ಪೆನ್ ಕೆಟ್ಟದ್ದಾಗಿರುವುದು ಅಪರೂಪ. ಶಾಖ, ನೀರು, ಸೋಪು, ಈ ಮೂರು ಬಟ್ಟೆಗೆ ಯಾವ ಕ್ರಮದಲ್ಲಿ ತಾಗಿದವು ಅನ್ನುವುದರಲ್ಲೇ ಹೆಚ್ಚಿನ ತಪ್ಪು ಇರುತ್ತದೆ. ನಮ್ಮ ಕಡೆ ಅದಕ್ಕೆ ಗಾಳಿಯ ತೇವವೂ ಸೇರಿಕೊಳ್ಳುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪೆನ್ ಡಬ್ಬದ ಮೇಲಿನ ಸೂಚನೆಯನ್ನು ಈ ಹವೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಯಾರೂ ಬರೆದಿರುವುದಿಲ್ಲ.

ಕೈ ಹಾಕುವ ಮೊದಲು

ಗೆರೆ ಹೋಗುತ್ತಿಲ್ಲ ಅಂತ ಕಂಡ ಕೂಡಲೇ ನಾವು ಮಾಡುವುದು ಎರಡೇ ಕೆಲಸ. ಸೋಪು ಹಾಕಿ ತಿಕ್ಕುತ್ತೇವೆ, ಇಲ್ಲವೇ ಬಿಸಿನೀರಿಗೆ ಹಾಕುತ್ತೇವೆ. ಎರಡೂ ಬೇಡ. ತೆಗೆಯಬಹುದಾಗಿದ್ದ ಗೆರೆ ಶಾಶ್ವತವಾಗುವುದು ಅಲ್ಲೇ.

ಮೊದಲು ನೆನಪು ಮಾಡಿಕೊಳ್ಳಿ. ಬರೆದದ್ದು ಯಾವುದರಿಂದ? ನೀರಿನ ಪೆನ್ನಾ, ಗಾಳಿಗೆ ಮಾಸುವ ಪೆನ್ನಾ, ಶಾಖಕ್ಕೆ ಹೋಗುವ ಪೆನ್ನಾ, ಪೆನ್ಸಿಲ್ಲಾ, ಕಾರ್ಬನ್ನಾ? ಬರೆದ ಮೇಲೆ ಇಸ್ತ್ರಿ ತಾಗಿದೆಯಾ? ಸೋಪು ತಾಗಿದೆಯಾ? ಬರೆದು ಎಷ್ಟು ದಿನವಾಯಿತು? ನೆನಪಿಲ್ಲದಿದ್ದರೆ ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ತಣ್ಣೀರಿಗೆ ಅದ್ದಿ, ಮೂಲೆಯಲ್ಲಿರುವ ಒಂದು ಸಣ್ಣ ಗೆರೆಗೆ ಒತ್ತಿ ನೋಡಿ. ನೀಲಿ ಕಡ್ಡಿಗೆ ಹತ್ತಿದರೆ ಒಳ್ಳೆಯ ಸುದ್ದಿ. ಇನ್ನೂ ಬಿಡುತ್ತಿದೆ ಎಂದರ್ಥ. ಏನೂ ಹತ್ತದಿದ್ದರೆ ಅದು ನೀರಿನ ಪೆನ್ ಅಲ್ಲ, ಅಥವಾ ಶಾಖ ತಾಗಿ ಗಟ್ಟಿಯಾಗಿದೆ.

ಕಲೆಯ ಆಕಾರವನ್ನೂ ನೋಡಿ. ಕಂದು ಬಣ್ಣ ಡಿಸೈನ್ ಗೆರೆಯ ಮೇಲೇ ಓಡುತ್ತಿದ್ದರೆ ಅದು ಪೆನ್ನಿನದ್ದು. ಬಟ್ಟೆ ತುಂಬ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಇದ್ದರೆ ಬೂಷ್ಟು. ಮಡಿಕೆಯ ಅಂಚಿನಲ್ಲಿ, ನೀರು ನಿಂತ ಕಡೆ ತುಕ್ಕಿನ ಹಳದಿ ಕಂಡರೆ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇರಬಹುದು. ಪಕ್ಕದ ಮನೆಯ ಅಕ್ಕ ಒಬ್ಬರು ನೇರಳೆ ಕಲೆ ಹೋಗುತ್ತಿಲ್ಲ ಅಂತ ದಿಂಬಿನ ಕವರ್ ತಂದಿದ್ದರು. ಪೆನ್ ಯಾವುದು ಅಂತ ಕೇಳಿದರೆ ನೀಲಿ ಪೆನ್ ತೋರಿಸಿದರು. ಕಲೆ ಮಾತ್ರ ನೇರಳೆ! ಆಮೇಲೆ ಗೊತ್ತಾಯಿತು, ಅದು ಕಕ್ಕಡ ತಿಂಗಳ 18ನೇ ದಿನ ಮಾಡುವ ಮದ್ದು ಸೊಪ್ಪಿನ ನೇರಳೆ ಪಾಯಸ. ಮಕ್ಕಳು ಅಲ್ಲೇ ಕೂತು ತಿಂದಿದ್ದರು.

ನೀಲಿ ಗೆರೆ ಒಣಗಿದ ಮೇಲೆ ವಾಪಸ್ ಬರುತ್ತದೆ

ಎಲ್ಲಕ್ಕಿಂತ ಹೆಚ್ಚು ಜನ ಕೇಳುವುದು ಇದನ್ನೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೀರು ತಾಗಿದಾಗ ನೀಲಿ ಬಣ್ಣ ಕಣ್ಣಿಗೆ ಕಾಣದಷ್ಟು ತೆಳುವಾಗುತ್ತದೆ. ಹಾಗಂತ ಅದು ಬಟ್ಟೆ ಬಿಟ್ಟು ಹೋಗಿರುವುದಿಲ್ಲ. ನೀರಿನ ಜೊತೆ ಹರಡಿ ದಾರದೊಳಗೆ ಕೂತಿರುತ್ತದೆ. ಕ್ವಿಲ್ಟ್‌ನಲ್ಲಿ ಇನ್ನೂ ಕಷ್ಟ. ಮೇಲಿನ ಬಟ್ಟೆಯ ಕೆಳಗೆ ಹತ್ತಿಯ ಪದರ ಇರುತ್ತದೆ, ಅದು ಬಣ್ಣದ ನೀರನ್ನು ಕುಡಿಯುತ್ತದೆ. ಒಣಗುವಾಗ ನೀರು ಮೇಲ್ಗಡೆಯಿಂದ ಆರುತ್ತದೆ ಅಲ್ವಾ? ಒಳಗಿನ ನೀರು ಮೇಲೆ ಬರುತ್ತಾ ಬಣ್ಣವನ್ನೂ ಎಳೆದು ತರುತ್ತದೆ. ಲಾಂದ್ರದ ಬತ್ತಿ ಎಣ್ಣೆ ಎಳೆದ ಹಾಗೆ. ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸಿ ಗೆರೆ ತೆಗೆದವರಿಗೆ, ಒದ್ದೆ ಬಟ್ಟೆಯಲ್ಲಿ ಒರೆಸಿದವರಿಗೆ ಗೆರೆ ವಾಪಸ್ ಬರುವುದು ಇದರಿಂದಲೇ. ಗೆರೆ ಇದ್ದಲ್ಲಿ ಮಾತ್ರವಲ್ಲ, ಪಕ್ಕದಲ್ಲಿ ಮೋಡದ ಹಾಗೆ ನೀಲಿ ಹರಡಿದ್ದರೆ ಖಂಡಿತ ಇದೇ ಕಾರಣ.

ಪರಿಹಾರ ಸುಲಭ, ತಾಳ್ಮೆ ಬೇಕು ಅಷ್ಟೇ. ದೊಡ್ಡ ಬಕೆಟ್ ಅಥವಾ ಟಬ್ ತುಂಬ ತಣ್ಣೀರು ಹಿಡಿಯಿರಿ. ಸೋಪು ಬೇಡ, ಪುಡಿ ಬೇಡ, ಉಗುರು ಬೆಚ್ಚಗಿನ ನೀರೂ ಬೇಡ. ಇಡೀ ತುಂಡು ಮುಳುಗಬೇಕು. ಅರ್ಧ ಗಂಟೆ ಬಿಡಿ. ನೀರು ಚೆಲ್ಲಿ ಹೊಸ ನೀರು ಹಾಕಿ. ಚೌಕಕ್ಕೆ ಎರಡು ಸಲ ಸಾಕಾಗಬಹುದು. ಹತ್ತಿ ಪದರ ಸೇರಿಸಿ ಹೊಲಿದ ಪೂರ್ತಿ ಕ್ವಿಲ್ಟ್ ಆದರೆ ನಾಲ್ಕೈದು ಸಲ ಬೇಕಾಗುತ್ತದೆ. ತಿಕ್ಕಬೇಡಿ, ಹಿಂಡಬೇಡಿ, ಕೈಯಿಂದ ಒತ್ತಿ ನೀರು ತೆಗೆಯಿರಿ. ಹಳೇ ಟವೆಲ್‌ನಲ್ಲಿ ಸುತ್ತಿ ಒತ್ತಿದರೆ ಇನ್ನೂ ಒಳ್ಳೆಯದು. ಆಮೇಲೆ ಚಾಪೆ ಮೇಲೆ ಹರಡಿ ಫ್ಯಾನ್ ಕೆಳಗೆ ಒಣಗಿಸಿ. ಒಣಗಿದ ಮೇಲೆ ಮತ್ತೆ ನೀಲಿ ಕಂಡರೆ ಹೆದರಬೇಡಿ, ಪುನಃ ನೆನೆಸಿ. ಪೂರ್ತಿ ಒಣಗಿ, ಒಂದು ರಾತ್ರಿ ಕಳೆದು, ಗೆರೆ ಕಾಣದೇ ಇದ್ದರೆ ಮಾತ್ರ ಸೋಪು, ಆಮೇಲೆ ಇಸ್ತ್ರಿ.

ಮಳೆಗಾಲದಲ್ಲಿ ನಾವು ತಪ್ಪುವುದು ಈ ಕೊನೆಯ ಹೆಜ್ಜೆಯಲ್ಲಿ. ಒಣಗುವುದೇ ಇಲ್ಲ ಅಂತ ಒಲೆಯ ಮೇಲಿನ ಅಟ್ಟಕ್ಕೆ ಹಾಕುತ್ತೇವೆ, ಇಸ್ತ್ರಿ ಹಿಡಿಯುತ್ತೇವೆ, ಹೇರ್ ಡ್ರೈಯರ್ ಹಿಡಿಯುತ್ತೇವೆ. ಬಣ್ಣ ಒಳಗೆ ಉಳಿದಿರುವಾಗ ಶಾಖ ತಾಗಿದರೆ ಅದು ಕಂದಾಗಿ ಕೂತುಬಿಡುತ್ತದೆ. ಎರಡು ದಿನ ತಡವಾದರೂ ಪರವಾಗಿಲ್ಲ, ಫ್ಯಾನ್ ಗಾಳಿಯೇ ಸಾಕು. ಆಷಾಢದಲ್ಲಿ ತೊಳೆಯುವ ಕೆಲಸವನ್ನೇ ನಾನು ಈಗ ಮುಂದಕ್ಕೆ ಹಾಕುತ್ತೇನೆ. ಕಸೂತಿ ಮಾಡಿ ಇಟ್ಟುಕೊಂಡು, ಕೈಲ್ ಪೊಳ್ದ್ (ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡಗಿನ ಹಬ್ಬ) ಕಳೆದು ನಾಲ್ಕು ದಿನ ಬಿಸಿಲು ಬಂದಾಗ ಎಲ್ಲವನ್ನೂ ಒಟ್ಟಿಗೆ ನೆನೆಸುತ್ತೇನೆ. ಆದರೆ ಗೆರೆ ಎಳೆದ ಬಟ್ಟೆಯನ್ನು ವರ್ಷಗಟ್ಟಲೆ ಹಾಗೇ ಇಡುವುದೂ ಒಳ್ಳೆಯದಲ್ಲ. ಹಳೆಯದಾದಷ್ಟೂ ಗೆರೆ ಬಿಡುವುದು ಕಷ್ಟ.

ಕಂದಾಗಿಹೋದ ಗೆರೆಗೆ ಏನು ಮಾಡುವುದು? ತಣ್ಣೀರಿನಲ್ಲಿ ಇಡೀ ದಿನ ನೆನೆಸಿದರೆ ಸ್ವಲ್ಪ ತೆಳುವಾಗಬಹುದು. ನನ್ನ ಮೂರು ಚೌಕದಲ್ಲಿ ಪೂರ್ತಿ ಹೋಗಲಿಲ್ಲ. ಬ್ಲೀಚ್ ಹಾಕಲು ಮನಸ್ಸು ಬರಲಿಲ್ಲ, ದಾರದ ಬಣ್ಣ ಹೋಗುತ್ತಿತ್ತು. ಕೊನೆಗೆ ಕಂದು ಗೆರೆಯ ಮೇಲೇ ಕಂದು ದಾರದಲ್ಲಿ ಸರಪಳಿ ಹೊಲಿಗೆ (ಚೈನ್ ಸ್ಟಿಚ್) ಹಾಕಿದೆ. ಬಳ್ಳಿಗೆ ಎರಡು ಕವಲು, ಕಾಫಿ ಗಿಡಕ್ಕೆ ಒಂದು ರೆಂಬೆ ಜಾಸ್ತಿ ಬಂತು. ಗೆರೆಯನ್ನು ದಾರ ಪೂರ್ತಿ ಮುಚ್ಚುವ ಹಾಗೆ ಹೊಲಿಗೆ ಆರಿಸಿಕೊಂಡರೆ ಈ ದಾರಿ ಚೆನ್ನಾಗಿಯೇ ನಡೆಯುತ್ತದೆ. ಬೆನ್ನು ಹೊಲಿಗೆ (ಬ್ಯಾಕ್ ಸ್ಟಿಚ್) ಸಾಲದು, ಅದು ಸಪೂರ. ಸರಪಳಿ ಅಥವಾ ಕಾಂಡದ ಹೊಲಿಗೆ (ಸ್ಟೆಮ್ ಸ್ಟಿಚ್) ಬೇಕು.

ಕಸೂತಿ ಮುಗಿಯುವ ಮೊದಲೇ ಗೆರೆ ಮಾಯ

ಇದು ಎರಡು ರೀತಿ. ಗೆರೆ ನೇರಳೆ ಬಣ್ಣದ್ದಾಗಿದ್ದರೆ ಅದು ಗಾಳಿಗೆ ಮಾಸುವ ಪೆನ್. ಡಬ್ಬದ ಮೇಲೆ ಎರಡು ದಿನ, ಮೂರು ದಿನ ಅಂತ ಇರುತ್ತದೆ. ತೇವದ ಗಾಳಿಯಲ್ಲಿ ಅದು ಇನ್ನೂ ಬೇಗ ಮಾಸುತ್ತದೆ. ಜುಲೈನಲ್ಲಿ ನಮ್ಮ ಮನೆಯಲ್ಲಿ ಸಂಜೆ ಬರೆದದ್ದು ಬೆಳಗ್ಗೆ ಇರಲಿಲ್ಲ. ಅದೇ ಪೆನ್ ಕುಶಾಲನಗರದ ತಂಗಿ ಮನೆಯಲ್ಲಿ ಎರಡು ದಿನ ನಿಂತಿತು. ಅಲ್ಲಿ ಮಳೆ ನಮ್ಮಲ್ಲಿಗಿಂತ ತುಂಬಾ ಕಡಿಮೆ. ಒಂದು ಸಂಜೆಯಲ್ಲಿ ಹೊಲಿಯುವಷ್ಟನ್ನೇ ಬರೆಯಿರಿ. ದೊಡ್ಡ ಡಿಸೈನ್‌ಗೆ ಈ ಪೆನ್ ಬೇಡ. ಬರೆದಾಗಿದೆ, ಇವತ್ತು ಮುಗಿಯುವುದಿಲ್ಲ ಅಂದರೆ ಗೆರೆಯ ಮೇಲೆ ಬಿಳಿ ದಾರದಲ್ಲಿ ಉದ್ದುದ್ದ ಓಟದ ಹೊಲಿಗೆ (ರನ್ನಿಂಗ್ ಸ್ಟಿಚ್) ಹಾಕಿಟ್ಟುಬಿಡಿ. ಗೆರೆ ಹೋದರೂ ದಾರ ದಾರಿ ತೋರಿಸುತ್ತದೆ. ಮಾಸಿದ ಗೆರೆಯ ಬಣ್ಣ ಬಟ್ಟೆಯಲ್ಲೇ ಇರುತ್ತದೆ ಅನ್ನುವುದನ್ನೂ ಮರೆಯಬೇಡಿ. ಸೋಪು ತಾಗಿದರೆ ನೇರಳೆ ಪಕ್ಕನೆ ಮತ್ತೆ ಏಳಬಹುದು. ಅದನ್ನೂ ಮೊದಲು ಬರೀ ನೀರಿನಲ್ಲೇ ಜಾಲಿಸಿ.

ಎರಡನೆಯದು ಶಾಖಕ್ಕೆ ಹೋಗುವ ಪೆನ್. ಸುಮಾರು 60 ಡಿಗ್ರಿ ಶಾಖಕ್ಕೆ ಇದರ ಶಾಯಿ ಬಣ್ಣ ಕಳೆದುಕೊಳ್ಳುತ್ತದೆ. ತುಂಡುಗಳನ್ನು ಜೋಡಿಸಿ ಹೊಲಿದು, ಹೊಲಿಗೆ ಮಡಿಚಲು ಇಸ್ತ್ರಿ ಹಾಕಿದರೆ ಮುಗಿಯಿತು, ಡಿಸೈನ್ ಪೂರ್ತಿ ಹೋಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗಾಜು ಮುಚ್ಚಿದ ಕಾರಿನ ಮುಂದುಗಡೆ ಬಟ್ಟೆ ಇಟ್ಟು ಹೋದರೂ ಮಾಸುತ್ತದೆ. ಅತ್ತು ಕೂರಬೇಡಿ. ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಗಾಳಿ ತೆಗೆದು ಕಟ್ಟಿ ಫ್ರಿಜ್‌ನ ಐಸ್ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಡಿ. ಸೊನ್ನೆಗಿಂತ 10 ಡಿಗ್ರಿ ಕೆಳಗೆ ಇಳಿದಾಗ ಶಾಯಿಯ ಬಣ್ಣ ಮತ್ತೆ ಬರತೊಡಗುತ್ತದೆ. ಮನೆಯ ಡೀಪ್ ಫ್ರೀಜರ್ ಸಾಮಾನ್ಯವಾಗಿ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತದೆ. ಹೋದ ಡಿಸೈನ್ ನಿಮ್ಮ ಕೈಗೆ ವಾಪಸ್ ಸಿಗುತ್ತದೆ.

ಆದರೆ ಅದೇ ಗುಣ ಇನ್ನೊಂದು ಕಡೆ ಕೈ ಕೊಡುತ್ತದೆ. ಗೆಳತಿಯೊಬ್ಬರು ಕೆನಡಾದಲ್ಲಿರುವ ಮಗಳಿಗೆ ಕ್ವಿಲ್ಟ್ ಕಳುಹಿಸಿದ್ದರು. ಜನವರಿಯಲ್ಲಿ ಪಾರ್ಸೆಲ್ ಬಾಗಿಲ ಹೊರಗೆ ಹಿಮದಲ್ಲೇ ಕೂತಿತ್ತು. ಬಿಚ್ಚಿ ನೋಡಿದರೆ ಪೆನ್ನಿನ ಗೆರೆ, ತಪ್ಪಾಗಿ ಬರೆದು ಅಳಿಸಿದ ಗೆರೆ, ಎಲ್ಲ ಎದ್ದು ನಿಂತಿದ್ದವು. ನಮ್ಮ ಕೊಡಗಿನ ಚಳಿ ಅಷ್ಟು ಇಳಿಯುವುದಿಲ್ಲ, ಹಾಗಾಗಿ ಇಲ್ಲೇ ಉಳಿಯುವ ಕ್ವಿಲ್ಟ್‌ಗೆ ತೊಂದರೆ ಕಾಣದು. ಹಿಮ ಬೀಳುವ ಊರಿಗೆ ಕಳುಹಿಸುವುದಾದರೆ ಈ ಪೆನ್ ಮುಟ್ಟಬೇಡಿ ಅನ್ನುತ್ತೇನೆ ನಾನು. ಗಾಢ ಬಣ್ಣದ ಬಟ್ಟೆಗಂತೂ ಬೇಡವೇ ಬೇಡ. ಗೆರೆ ಹೋದ ಜಾಗದಲ್ಲಿ ಬಿಳಿಚಿದ ಗುರುತು ಉಳಿದುಬಿಡುತ್ತದೆ.

ಗೆರೆ ಹರಡುತ್ತದೆ, ಅಥವಾ ಹತ್ತುವುದೇ ಇಲ್ಲ

ಬಟ್ಟೆಯ ಮೇಲೆ ಒಂದು ಹನಿ ನೀರು ಹಾಕಿ. ಹನಿ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಉರುಟಾಗಿ ನಿಂತರೆ ಬಟ್ಟೆಯ ಗಂಜಿ ಹೋಗಿಲ್ಲ. ಅಂಥ ಬಟ್ಟೆಯಲ್ಲಿ ಪೆನ್ ಜಾರುತ್ತದೆ, ಗೆರೆ ತುಂಡು ತುಂಡಾಗುತ್ತದೆ. ಅಂಗಡಿಯಿಂದ ತಂದ ಕಾಟನ್ ಒಂದು ಸಲವಾದರೂ ನೆನೆಸಿ ಒಗೆದಿರಬೇಕು. ಗಂಜಿ ಹೋಗುವುದರ ಜೊತೆಗೆ, ಕುಗ್ಗುವುದೆಲ್ಲ ಮೊದಲೇ ಕುಗ್ಗಿರುತ್ತದೆ. ಒಗೆಯದ ಕಾಟನ್ ಮೀಟರಿಗೆ 3ರಿಂದ 5 ಸೆಂಟಿಮೀಟರ್ ಕುಗ್ಗುವುದು ಮಾಮೂಲು. ಕಸೂತಿ ಆದ ಮೇಲೆ ಕುಗ್ಗಿದರೆ ಹೂವಿನ ಸುತ್ತ ಸುಕ್ಕು ಏಳುತ್ತದೆ, ಅದಕ್ಕೆ ಮದ್ದಿಲ್ಲ.

ಹನಿ ಥಟ್ಟನೆ ಹೀರಿ ಅಗಲವಾಗಿ ಹರಡಿದರೆ ಶಾಯಿಯೂ ಹಾಗೇ ಹರಡುತ್ತದೆ. ಬಟ್ಟೆ ತೀರಾ ಸಡಿಲ ನೇಯ್ಗೆಯದ್ದಾಗಿರಬಹುದು. ನಮ್ಮಲ್ಲಿ ಹೆಚ್ಚಾಗಿ ಬಟ್ಟೆಯೇ ತೇವ ಹಿಡಿದಿರುತ್ತದೆ. ಕಪಾಟಿನಿಂದ ತೆಗೆದ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನಿಸಿದರೆ ತೇವ ಇದೆ. ಬರೆಯುವ ಮೊದಲು ಇಸ್ತ್ರಿ ಮಾಡಿ, ಪೂರ್ತಿ ಆರಲು ಬಿಟ್ಟು, ಆಮೇಲೆ ಪೆನ್ ಹಿಡಿಯಿರಿ. ಇಸ್ತ್ರಿಯ ಜಾಗ ಇದು. ಬರೆಯುವ ಮೊದಲು ಎಷ್ಟು ಬೇಕಾದರೂ ಮಾಡಿ, ಬರೆದ ಮೇಲೆ ಗೆರೆ ಪೂರ್ತಿ ಹೋಗುವ ತನಕ ಬೇಡ.

ಕಾರ್ಬನ್ ಮಸಿ ಬಟ್ಟೆ ತುಂಬ

ಆಫೀಸಿನ ಕಪ್ಪು, ನೀಲಿ ಕಾರ್ಬನ್ ಕಸೂತಿಗೆ ಅಲ್ಲ. ಅದರಲ್ಲಿ ಮೇಣ, ಎಣ್ಣೆ ಇರುತ್ತದೆ, ತೊಳೆದರೆ ಹೋಗುವುದಿಲ್ಲ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ ಕಸೂತಿಗೆ ಅಂತಲೇ ಹಳದಿ, ಬಿಳಿ ಕಾರ್ಬನ್ ಕೊಡುತ್ತಾರೆ. ಅದನ್ನೂ ಮೂಲೆಯಲ್ಲಿ ಪರೀಕ್ಷೆ ಮಾಡದೆ ಬಳಸಬೇಡಿ, ಕೆಲವು ಹಳದಿ ಕಾರ್ಬನ್ ಬಿಳಿ ಬಟ್ಟೆಯಲ್ಲಿ ಹಾಗೇ ನಿಲ್ಲುತ್ತವೆ. ಮಸಿ ಹರಡುವುದು ಅಂಗೈ ಒತ್ತುವುದರಿಂದ. ಕೈ ಕೆಳಗೆ ಒಂದು ರಟ್ಟು ಇಟ್ಟುಕೊಳ್ಳಿ. ಗೆರೆ ತೆಳುವಾಗಿ ಬರುತ್ತಿದ್ದರೆ ಕೆಳಗೆ ಬಟ್ಟೆ ಹಾಸಿದ ಮೇಜು ಇದೆಯಾ ನೋಡಿ. ಗಟ್ಟಿ ಹಲಗೆ ಬೇಕು. ಕಾರ್ಬನ್ ಮೇಲೆ ಗೆರೆ ಒತ್ತಿ ಎಳೆಯಲು ಶಾಯಿ ಮುಗಿದ ಬಾಲ್ ಪೆನ್ ಎಲ್ಲಕ್ಕಿಂತ ಒಳ್ಳೆಯ ಸಾಧನ.

ಪೆನ್ಸಿಲ್ ಗೆರೆ ಉಳಿದರೆ ಬಿಳಿ ರಬ್ಬರ್‌ನಲ್ಲಿ ಮೆಲ್ಲಗೆ. ಅದರಿಂದ ಹೋಗದಿದ್ದರೆ ಮೂರು ಪಾಲು ಸರ್ಜಿಕಲ್ ಸ್ಪಿರಿಟ್, ಒಂದು ಪಾಲು ನೀರು, ನಾಲ್ಕೈದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಮೃದುವಾದ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತೀಡಿ. ಒಲೆಯಿಂದ ದೂರ ಕೂತು ಮಾಡಿ, ದಾರದ ಬಣ್ಣ ಬಿಡುತ್ತದಾ ಅಂತ ಮೊದಲು ಹಿಂಬದಿಯಲ್ಲಿ ನೋಡಿ.

ಕಾಗದದ ಮೇಲೆ ಬರೆದು ಇಸ್ತ್ರಿಯಿಂದ ಬಟ್ಟೆಗೆ ಇಳಿಸುವ ಪೆನ್ಸಿಲ್ ಬೇರೆ. ಅದು ಹೋಗುವುದೇ ಇಲ್ಲ, ದಾರದಿಂದ ಮುಚ್ಚಲೇಬೇಕು. ಡಿಸೈನ್ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಬರುತ್ತದೆ. ಹೂವಾದರೆ ಪರವಾಗಿಲ್ಲ, ಮಗುವಿನ ಹೆಸರು ಬರೆಯುವಾಗ ಟ್ರೇಸಿಂಗ್ ಪೇಪರನ್ನು ಮಗುಚಿ ಹಿಂಬದಿಯಿಂದ ಬರೆಯಬೇಕು.

ಚುಚ್ಚಿ ಪುಡಿ ಉಜ್ಜುವ ಹಳೇ ಕ್ರಮ

ಗಾಢ ಬಣ್ಣದ ಬಟ್ಟೆಗೆ ನನ್ನ ಮೆಚ್ಚಿನ ಕ್ರಮ ಇದು. ಬಟರ್ ಪೇಪರ್ ಮೇಲೆ ಡಿಸೈನ್ ಬರೆದು, ಗೆರೆಯುದ್ದಕ್ಕೂ ಸೂಜಿಯಲ್ಲಿ ಒತ್ತೊತ್ತಾಗಿ ಚುಚ್ಚುತ್ತಾ ಹೋಗುವುದು. ಆಮೇಲೆ ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಬಟ್ಟೆ ಉಂಡೆಯಿಂದ ಉಜ್ಜುವುದು. ತಿಳಿ ಬಣ್ಣದ ಬಟ್ಟೆಯಾದರೆ ಒಗೆಯುವಾಗ ಹಾಕುವ ನೀಲಿ, ಗಾಢ ಬಟ್ಟೆಗೆ ಬಿಳಿ ಜಿಂಕ್ ಪುಡಿ. ಆರಿ ಕೆಲಸದವರು, ಸೀರೆಗೆ ಕಸೂತಿ ಹಾಕುವವರು ಈಗಲೂ ಹೀಗೇ ಮಾಡುತ್ತಾರೆ. ಒಂದೇ ಕಾಗದದಿಂದ ಇಪ್ಪತ್ತು ಚೌಕ ಇಳಿಸಬಹುದು, ಎಲ್ಲವೂ ಒಂದೇ ಸಮ ಬರುತ್ತವೆ. ಕ್ವಿಲ್ಟ್‌ಗೆ ಇದಕ್ಕಿಂತ ಏನು ಬೇಕು?

ಚುಕ್ಕೆಗಳು ಸರಿಯಾಗಿ ಬೀಳದಿದ್ದರೆ ಕಾಗದವನ್ನು ದೀಪಕ್ಕೆ ಹಿಡಿಯಿರಿ. ತೂತು ಮುಚ್ಚಿಕೊಂಡಿರುತ್ತದೆ. ಚುಚ್ಚಿದಾಗ ಹಿಂಬದಿಯಲ್ಲಿ ಕಾಗದ ಮುಳ್ಳಿನ ಹಾಗೆ ಏಳುತ್ತದೆ, ಅದನ್ನು ನಯವಾದ ಉಪ್ಪು ಕಾಗದದಲ್ಲಿ ಒಂದು ಸಲ ತೀಡಿದರೆ ತೂತು ತೆರೆದೇ ಇರುತ್ತದೆ. ಹೆಚ್ಚಿನವರು ಈ ಹೆಜ್ಜೆಯನ್ನು ಬಿಡುತ್ತಾರೆ. ಚುಕ್ಕೆ ಹರಡಿದರೆ ಸೀಮೆಎಣ್ಣೆ ಜಾಸ್ತಿಯಾಗಿದೆ, ಉಂಡೆ ಬರೀ ಒದ್ದೆ ಅನಿಸಬೇಕು, ಹಿಂಡಿದರೆ ತೊಟ್ಟಿಕ್ಕಬಾರದು. ಪುಡಿ ಉದುರಿಹೋದರೆ ಸೀಮೆಎಣ್ಣೆ ಸಾಲದು. ಎರಡೆರಡು ಗೆರೆ ಕಂಡರೆ ಕಾಗದ ಜರುಗಿದೆ. ನಾಲ್ಕು ಮೂಲೆಗೂ ಗುಂಡುಸೂಜಿ ಹಾಕಿ, ಒಂದೇ ದಿಕ್ಕಿಗೆ ಉಜ್ಜಿ. ಸೀಮೆಎಣ್ಣೆ ಸಿಗುವುದಿಲ್ಲ ಅಂತ ಪೆಟ್ರೋಲ್ ಹಾಕುವವರನ್ನು ಕಂಡಿದ್ದೇನೆ. ದಯವಿಟ್ಟು ಮಾಡಬೇಡಿ. ಸೌದೆ ಒಲೆ ಇರುವ ಮನೆಯಲ್ಲಂತೂ ಪ್ರಾಣಕ್ಕೇ ಸಂಚಕಾರ.

ಅಮ್ಮನ ಹಳೇ ರೇಷ್ಮೆ ಸೀರೆ ಸೇರಿಸಿ ಕ್ವಿಲ್ಟ್ ಮಾಡುವವರು ಈಗ ತುಂಬಾ ಜನ. ರೇಷ್ಮೆಗೆ ಸೀಮೆಎಣ್ಣೆಯೂ ಬೇಡ, ನೀರಿನ ಪೆನ್ನೂ ಬೇಡ. ನೀರು ತಾಗಿದ ಕಡೆ ರೇಷ್ಮೆಯಲ್ಲಿ ಬಳೆಯಾಕಾರದ ಗುರುತು ನಿಲ್ಲುತ್ತದೆ. ತೆಳು ಟಿಶ್ಯೂ ಕಾಗದದ ಮೇಲೆ ಡಿಸೈನ್ ಬರೆದು ಬಟ್ಟೆಗೆ ಟಾಕಿ, ಕಾಗದದ ಮೇಲಿನಿಂದಲೇ ಓಟದ ಹೊಲಿಗೆ ಹಾಕಿ ಕಾಗದ ಹರಿದು ತೆಗೆಯಿರಿ. ಪೆನ್ಸಿಲ್‌ನಲ್ಲಿ ಬರೆದರೆ ಮಸಿ ದಾರಕ್ಕೆ ಹತ್ತುತ್ತದೆ, ನೀರಿನ ಪೆನ್ನಾದರೆ ಕೈ ಬೆವರಿಗೆ ಕದಡುತ್ತದೆ. ಗಟ್ಟಿ ಒಣಗಿದ ಬಾಲ್ ಪೆನ್ ಗೆರೆ ಪರವಾಗಿಲ್ಲ.

ವೃತ್ತ ಮೊಟ್ಟೆಯಾಗಿದೆ, ಬಳ್ಳಿ ವಾರೆಯಾಗಿದೆ

ರಿಂಗಿನಲ್ಲಿ ಬಟ್ಟೆ ಬಿಗಿಯಾಗಿ ಎಳೆದು ಕಟ್ಟಿ ಆಮೇಲೆ ಡಿಸೈನ್ ಬರೆದಿದ್ದೀರಾ? ಹಾಗಾದರೆ ಕಾರಣ ಅದೇ. ರಿಂಗ್ ಬಿಚ್ಚಿದಾಗ ಬಟ್ಟೆ ತನ್ನ ಜಾಗಕ್ಕೆ ಹೋಗುತ್ತದೆ, ಡಿಸೈನ್ ಅದರ ಜೊತೆ ಹೋಗುತ್ತದೆ. ಹರಡಿದ ಬಟ್ಟೆಯ ಮೇಲೆ ಬರೆದು, ನಂತರ ರಿಂಗ್ ಹಾಕಿ. ಬಟ್ಟೆಯ ಅಂಚು ದಾರದ ನೇರಕ್ಕೆ ಕತ್ತರಿಸಿದೆಯಾ ಅಂತಲೂ ನೋಡಿ. ಒಂದು ಎಳೆ ದಾರ ಎಳೆದರೆ ನೇರ ಗೊತ್ತಾಗುತ್ತದೆ.

ಕಿಟಕಿ ಗಾಜಿಗೆ ಅಂಟಿಸಿ ಬರೆಯುವವರಿಗೆ ಇನ್ನೊಂದು ತೊಂದರೆ. ಬಟ್ಟೆ ಜೋತು ಕೆಳಗೆ ಎಳೆಯುತ್ತದೆ. ಮೇಲೆ ಮಾತ್ರವಲ್ಲ, ನಾಲ್ಕೂ ಕಡೆ ಟೇಪ್ ಹಾಕಬೇಕು. ಮಂಜು ಮುಸುಕಿದ ದಿನ ಕಿಟಕಿಯಲ್ಲಿ ಬೆಳಕೇ ಇರುವುದಿಲ್ಲ, ಕಣ್ಣು ಸೋಲುತ್ತದೆ, ಗೆರೆ ತಪ್ಪುತ್ತದೆ, ಗಾಜಿನ ಬೆವರು ಬಟ್ಟೆಗೆ ಹತ್ತಿ ಶಾಯಿ ಹರಡುತ್ತದೆ. ಗಾಜಿನ ಟೀಪಾಯಿ ಕೆಳಗೆ ಚಾರ್ಜಿಂಗ್ ಲೈಟ್ ಇಟ್ಟುಕೊಳ್ಳಿ. ಕೂತು ಬರೆಯಬಹುದು, ಬೆನ್ನಿಗೂ ಆರಾಮ, ಕರೆಂಟಿನ ಹಂಗೂ ಇಲ್ಲ.

ಚೌಕವನ್ನು ಬೇಕಾದ ಅಳತೆಗಿಂತ ಪ್ರತಿ ಬದಿಗೆ ಒಂದು ಇಂಚು ದೊಡ್ಡದಾಗಿ ಕತ್ತರಿಸಿ. ಕಸೂತಿ ಬಟ್ಟೆಯನ್ನು ಒಳಗೆ ಎಳೆಯುತ್ತದೆ. ಕೆಲಸ ಮುಗಿದು, ತೊಳೆದು, ಇಸ್ತ್ರಿ ಆದ ಮೇಲೆ ಸರಿ ಅಳತೆಗೆ ಕತ್ತರಿಸಿ. ಕಾಲು ಇಂಚು ಹೊಲಿಗೆಗೆ ಹೋಗುತ್ತದೆ, ಅದನ್ನು ಬಿಟ್ಟು ಇನ್ನೂ ಅರ್ಧ ಇಂಚು ಒಳಗೆ ಡಿಸೈನ್ ನಿಲ್ಲಬೇಕು. ಇಲ್ಲದಿದ್ದರೆ ಹೂವಿನ ಎಸಳು ಹೊಲಿಗೆಯೊಳಗೆ ಸೇರಿಹೋಗುತ್ತದೆ.

ನೀರಿನಲ್ಲಿ ಕರಗುವ ಅಂಟು ಹಾಳೆ ಜಿಗುಟಾಗಿದೆ

ಡಿಸೈನ್ ಬರೆದು ಬಟ್ಟೆಗೆ ಅಂಟಿಸಿ, ಅದರ ಮೇಲೇ ಕಸೂತಿ ಹಾಕಿ, ಆಮೇಲೆ ನೀರಿನಲ್ಲಿ ಕರಗಿಸಿಬಿಡುವ ಹಾಳೆ ಇದು. ಜಿಗುಟಾಗಿದ್ದರೆ ಹಾಳೆ ಗಾಳಿಯ ತೇವ ಕುಡಿದಿದೆ. ಸೂಜಿಗೆ ಅಂಟು ಹತ್ತುತ್ತದೆ, ದಾರ ಎಳೆಯಲು ಬರುವುದಿಲ್ಲ. ಗಾಳಿಯಾಡದ ಡಬ್ಬದಲ್ಲಿ, ಔಷಧಿ ಬಾಟಲಿಯಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ ಇಟ್ಟುಕೊಳ್ಳಿ. ಮಳೆ ಶುರುವಾದ ಮೇಲೆ ತೆರೆದ ಪ್ಯಾಕೆಟ್ ಹಾಗೇ ಬಿಡಬೇಡಿ. ತೊಳೆದ ಮೇಲೆ ಬಟ್ಟೆ ರಟ್ಟಿನ ಹಾಗೆ ಗಟ್ಟಿಯಾದರೆ ಅಂಟು ಉಳಿದಿದೆ, ಉಗುರು ಬೆಚ್ಚಗಿನ ನೀರಿನಲ್ಲಿ ಮತ್ತೆ ನೆನೆಸಿ. ಒಂದು ಎಚ್ಚರ: ಹಾಳೆಯ ಮೇಲೆ ನೀಲಿ ಪೆನ್ನಿನಲ್ಲಿ ಬರೆದಿದ್ದರೆ ಮೊದಲು ತಣ್ಣೀರು, ನೀಲಿ ಹೋದ ಮೇಲೆ ಬೆಚ್ಚಗಿನದ್ದು.

ಗೆರೆ ಹೋಯಿತು, ಕೆಂಪು ದಾರದ ಬಣ್ಣ ಬಿಟ್ಟಿತು

ಬಟ್ಟೆಯನ್ನು ಒಣಗಲು ಬಿಡಬೇಡಿ. ಇದೊಂದು ನೆನಪಿರಲಿ. ಒದ್ದೆ ಇರುವ ತನಕ ದಾರಿ ಇದೆ. ತುಂಬ ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಾ ಇರಿ. ನೀರು ತಿಳಿಯಾಗಿ ಬರುವ ತನಕ ರಾತ್ರಿಯಾದರೂ ಬಿಡಬೇಡಿ. ಸಂತೆಯಲ್ಲಿ ತಂದ ಲೂಸ್ ದಾರದಲ್ಲಿ ಕೆಂಪು, ಮರೂನ್, ಕಡು ನೀಲಿ ಬಣ್ಣ ಬಿಡುವುದು ಜಾಸ್ತಿ. ಹೊಲಿಯುವ ಮೊದಲೇ ಒಂದು ಎಳೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿದ್ದರೆ ಈ ರಾತ್ರಿ ನಿದ್ದೆ ಉಳಿಯುತ್ತಿತ್ತು. ಬಣ್ಣ ಬಿಡುವ ದಾರವೇ ಬೇಕಾದರೆ ಆ ಚೌಕಕ್ಕೆ ನೀರಿನ ಪೆನ್ ಬಳಸಬೇಡಿ. ಪುಡಿಯ ಕ್ರಮ ಅಥವಾ ಟಿಶ್ಯೂ ಕಾಗದ ಸಾಕು.

ಪರೀಕ್ಷೆಯ ಪಟ್ಟಿ

ಈಗ ಪ್ರತಿ ಕ್ವಿಲ್ಟ್‌ಗೂ ಅದೇ ಬಟ್ಟೆಯಿಂದ ಎರಡು ಇಂಚು ಅಗಲದ ಒಂದು ಪಟ್ಟಿ ಕತ್ತರಿಸಿ ಇಡುತ್ತೇನೆ. ಬಳಸುವ ಪೆನ್ನಿನಲ್ಲಿ ಅದರ ಮೇಲೆ ಮೂರು ಗೆರೆ, ಬಳಸುವ ಪ್ರತಿ ದಾರದಲ್ಲಿ ನಾಲ್ಕು ಹೊಲಿಗೆ. ಕ್ವಿಲ್ಟ್‌ಗೆ ಏನೇನು ಆಗುತ್ತದೋ ಅದೆಲ್ಲ ಮೊದಲು ಪಟ್ಟಿಗೆ ಆಗಬೇಕು. ವಾರ ಬಿಡುತ್ತೇನೆ, ತಣ್ಣೀರಿನಲ್ಲಿ ನೆನೆಸುತ್ತೇನೆ, ಒಣಗಿಸುತ್ತೇನೆ, ಸೋಪಿನಲ್ಲಿ ಒಗೆಯುತ್ತೇನೆ, ಇಸ್ತ್ರಿ ಹಾಕುತ್ತೇನೆ. ದೂರದ ಊರಿಗೆ ಹೋಗುವ ಕ್ವಿಲ್ಟ್ ಆದರೆ ಪಟ್ಟಿ ಒಂದು ರಾತ್ರಿ ಐಸ್ ಪೆಟ್ಟಿಗೆಯಲ್ಲೂ ಮಲಗುತ್ತದೆ. ಪೆನ್ ಕೊಂಡ ತಿಂಗಳನ್ನು ಪಟ್ಟಿಯ ತುದಿಯಲ್ಲಿ ಬಾಲ್ ಪೆನ್ನಿನಲ್ಲಿ ಬರೆದು, ಕಪಾಟಿನ ಬಾಗಿಲ ಒಳಬದಿಗೆ ಗುಂಡುಸೂಜಿಯಲ್ಲಿ ಚುಚ್ಚಿಡುತ್ತೇನೆ. ಮಗುವಿನ ಕ್ವಿಲ್ಟ್‌ನಲ್ಲಿ ಕಂದಾದ ಗೆರೆಯದೊಂದು ತುಂಡೂ ಅಲ್ಲೇ, ಎಲ್ಲಕ್ಕಿಂತ ಮೇಲೆ ಇದೆ.